ಟಿಟ್ಟಿಭದ ಮೊಟ್ಟೆಗೆ ನೀಲಿ ಕರವಸ್ತ್ರ

ಮಕ್ಕಳಿಗೆ ಬುದ್ಧಿ ಹೇಳುವ ಕೆಲಸವನ್ನು ನಾನು ಕೈಬಿಟ್ಟಿದ್ದೇನೆ. ಎಷ್ಟು ಹೇಳಿದರೂ ಮಕ್ಕಳು ಕೇಳುವುದಿಲ್ಲ ಎಂದು ಉಳಿದವರು ಗೋಳಾಡುತ್ತಾರೆ. ನನ್ನ ಗೋಳು ಬೇರೆ. ನನ್ನ ಮಗಳು ಸಿಂಚನ ಕೇಳುತ್ತಾಳೆ. ಕೇಳಿದ್ದನ್ನು ಮರೆಯುವುದೂ ಇಲ್ಲ. ಇಂಥ ಮಗುವಿನ ಜೊತೆ ಒಂದೇ ಮನೆಯಲ್ಲಿ ಬಾಳುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು.

ಪಾಂಡವಪುರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿರುವ ನನಗೆ ನಲವತ್ತು ದಾಟಿದ ಮೇಲೆ ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು ಹಿಡಿಯಿತು. ಯಾರೋ ಬಳಸಿ ಬಿಟ್ಟಿದ್ದ ಕ್ಯಾಮೆರಾ ಒಂದನ್ನು ಕೊಂಡೆ. ಅಂದಿನಿಂದ ನಾನು ತೆಗೆದ ಚಿತ್ರಗಳನ್ನೆಲ್ಲ ನೋಡಿದರೆ ಈ ಸೀಮೆಯ ಮರದ ಕೊಂಬೆಗಳ ಬಗ್ಗೆ ಒಳ್ಳೆಯ ತಿಳಿವಳಿಕೆ ಬರುತ್ತದೆ. ಎಲ್ಲವೂ ಹಕ್ಕಿ ಆಗತಾನೇ ಹಾರಿಹೋದ ಕೊಂಬೆಗಳು. ಶ್ರೀರಂಗಪಟ್ಟಣದಲ್ಲಿ ದೋಣಿ ಹತ್ತಿ ತೆಗೆದ ಕೊಕ್ಕರೆಯೊಂದು ಸಿಕ್ಕಿತ್ತು, ಅದಕ್ಕೆ ಮುಂದೆ ಕೂತವರ ಟೋಪಿ ಅಡ್ಡ ಬಂತು. ಕೆ.ಆರ್. ಪೇಟೆಯಲ್ಲಿ ಹೆಂಡತಿಯ ಚಿಕ್ಕಮ್ಮನ ಮಗಳ ಮದುವೆಯಾದಾಗ ಧಾರೆಯ ಹೊತ್ತಿಗೆ ಸರಿಯಾಗಿ ನಾನು ಛತ್ರದ ಸೂರಿನಲ್ಲಿದ್ದ ಗುಬ್ಬಚ್ಚಿಯ ಹಿಂದೆ ಬಿದ್ದಿದ್ದೆ. ಆ ಕಡೆಯ ನೆಂಟರು ಈಗಲೂ ನನ್ನನ್ನು ಮಾತನಾಡಿಸುವ ಮುಂಚೆ ಒಮ್ಮೆ ಮೇಲೆ ನೋಡುತ್ತಾರೆ.

ಹೀಗಿರುವಾಗ ನಾಗಮಂಗಲ ತಾಲ್ಲೂಕಿನ ದೇವಲಾಪುರದಲ್ಲಿ ಹೊಲ ಮಾಡುವ ನನ್ನ ಬಾವಮೈದ ಶಿವಣ್ಣ ಫೋನ್ ಮಾಡಿದ. "ಬಾವ, ರಾಗಿ ಹೊಲ ಉಳ್ತಾ ಇದ್ದೆ. ಟಿಟ್ಟಿಭ ನಾಕು ಮೊಟ್ಟೆ ಇಕ್ಕ್ಯದೆ. ಸಿಂಚನನೂ ಕರ್ಕಂಬನ್ನಿ, ನೋಡ್ಲಿ," ಎಂದ. ಈ ಹಕ್ಕಿ ಗೂಡು ಕಟ್ಟುವ ತಾಪತ್ರಯಕ್ಕೆ ಹೋಗುವುದಿಲ್ಲ. ಬರೀ ನೆಲದ ಮೇಲೆ ಮಣ್ಣಿನ ಬಣ್ಣದ್ದೇ ಮೊಟ್ಟೆ ಇಡುತ್ತದೆ. ಅದರ ಮೊಟ್ಟೆ ಕಂಡರೆ ಅಷ್ಟು ಜಾಗವನ್ನು ಉಳದೆ ಬಿಡುವುದು ಶಿವಣ್ಣನ ಮನೆಯಲ್ಲಿ ಅವನ ತಾತನ ಕಾಲದಿಂದ ನಡೆದುಬಂದ ಪದ್ಧತಿ. ಅವನು ಟ್ರಾಕ್ಟರನ್ನು ಪಕ್ಕದಿಂದ ಸುತ್ತಿಸಿಕೊಂಡು ಹೋಗಿ, ಒಂದು ಮಂಚದಗಲ ನೆಲವನ್ನು ಹಾಗೇ ಬಿಟ್ಟಿದ್ದ.

ನಾನು ಒಂದು ವಾರ ಸಿಂಚನಳಿಗೆ ತರಬೇತಿ ಕೊಟ್ಟೆ. ಮಾತನಾಡಬಾರದು. ಓಡಬಾರದು. ಹಕ್ಕಿ ಗಾಬರಿಯಾಗಿ ಕೂಗಿದರೆ ನಾವು ಹತ್ತಿರ ಹೋಗಿದ್ದೇವೆಂದೇ ಅರ್ಥ, ತಕ್ಷಣ ಹಿಂದಕ್ಕೆ ಬರಬೇಕು. ಅವಳ ಅಮ್ಮ ಅಡುಗೆಮನೆಯಿಂದ ಕೂಗಿದಾಗಲೆಲ್ಲ ಮಗಳು ಏಳು ಹೆಜ್ಜೆ ಹಿಂದೆ ಸರಿದು ಅಭ್ಯಾಸ ಮಾಡಿದಳು. ಅದು ನಾನು ಮದುವೆಯಾದಾಗಿನಿಂದ ಮಾಡುತ್ತಿರುವ ಅಭ್ಯಾಸ. ಹಕ್ಕಿಗೆ ನಾವು ಕಾಣಬಾರದೆಂದು ಇಬ್ಬರಿಗೂ ಮಣ್ಣಿನ ಬಣ್ಣದ ಅಂಗಿ ತಂದೆ.

ಭಾನುವಾರ ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಹಕ್ಕಿ ಮೊಟ್ಟೆಯ ಮೇಲೆ ಕೂತಿತ್ತು. ಕ್ಯಾಮೆರಾದಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಕಂಡಿತು. ನಾನು ಸ್ವಲ್ಪ ಮುಂದೆ ಹೋದೆ. ಹಕ್ಕಿ ಎದ್ದು ನನ್ನ ತಲೆಯ ಮೇಲೆ ಸುತ್ತುತ್ತಾ ಕೂಗತೊಡಗಿತು. ಹಿಂದಿನಿಂದ ಸಿಂಚನ ಪಿಸುಗುಟ್ಟಿದಳು. "ಅಪ್ಪ, ಕೂಗ್ತಾ ಇದೆ. ಬಾ ಹಿಂದಕ್ಕೆ."

"ಒಂದೇ ಒಂದು ತಕ್ಕೊಂಡು ಬಂದ್ಬುಡ್ತೀನಿ ಮರಿ," ಎಂದೆ.

ಆ ಒಂದು ಮುಗಿಯುವಷ್ಟರಲ್ಲಿ ಅರ್ಧ ಗಂಟೆ ಆಯಿತು. ಮೊಟ್ಟೆಗಳು ಬಿಸಿಲಿನಲ್ಲಿ ಬಿದ್ದಿದ್ದವು, ಹಕ್ಕಿ ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಿತ್ತು. ತಿರುಗಿ ನೋಡಿದರೆ ಸಿಂಚನ ಬದುವಿನ ಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು. ಮಾತನಾಡಬಾರದೆಂದು ಹೇಳಿಕೊಟ್ಟವನು ನಾನೇ ಆದ್ದರಿಂದ ಸದ್ದಿಲ್ಲದೆ ಅಳುತ್ತಿದ್ದಳು. ಹೊರಡುವಾಗ ನನಗೊಂದು ಯೋಚನೆ ಬಂತು. ಕಣ್ಣು ಮಿಟುಕಿಸಿದರೆ ಮೊಟ್ಟೆ ಎಲ್ಲಿವೆಯೆಂದು ತಿಳಿಯುವುದಿಲ್ಲ. ಯಾರಾದರೂ ತುಳಿದುಬಿಟ್ಟರೆ? ಮುಂದಿನ ವಾರ ನಾನೇ ಬಂದು ಹುಡುಕಬೇಕಾದರೆ? ಪಕ್ಕದಲ್ಲಿ ಒಂದು ತೊಗರಿ ಕಡ್ಡಿ ನೆಟ್ಟು, ಜೇಬಿನ ನೀಲಿ ಕರವಸ್ತ್ರವನ್ನು ಅದಕ್ಕೆ ಕಟ್ಟಿದೆ. ಬಸ್ಸಿನಲ್ಲಿ ಬರುವಾಗ ಹಕ್ಕಿಗೆ ದೊಡ್ಡ ಉಪಕಾರ ಮಾಡಿದ ಹೆಮ್ಮೆ ನನಗೆ.

ಮುಂದಿನ ಭಾನುವಾರ ಸಿಂಚನಳ ಜೊತೆ ಹೋದಾಗ ಕರವಸ್ತ್ರ ದೂರದಿಂದಲೇ ಕಂಡಿತು. ಅದರ ಕೆಳಗೆ ಎರಡು ಚೂರು ಚಿಪ್ಪು, ಸುತ್ತ ನಾಯಿಗಳ ಹೆಜ್ಜೆ. ಟಿಟ್ಟಿಭ ಅಷ್ಟು ದೂರದಲ್ಲಿ ನಿಂತಿತ್ತು. ನಾನು ಹತ್ತಿರ ಹೋದರೂ ಕೂಗಲಿಲ್ಲ. ಕಾಯುವುದಕ್ಕೆ ಅದಕ್ಕೆ ಏನೂ ಉಳಿದಿರಲಿಲ್ಲ. ಅಂದಿನಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಶಿವಣ್ಣ ಕಡ್ಡಿ ಕಿತ್ತು ಕರವಸ್ತ್ರವನ್ನು ನನ್ನ ಕೈಗೆ ಕೊಟ್ಟ. "ನಾನು ಯಾವ ಗುರ್ತೂ ಇಕ್ಕಿರ್ಲಿಲ್ಲ ಬಾವ. ಗುರ್ತು ನಮ್ ತಲೇಲಿರ್ಬೇಕು. ಇಂಗೆ ಬಟ್ಟೆ ಕಟ್ಬುಟ್ರೆ ಊರ್ ನಾಯ್ಗೆಲ್ಲ ಗೊತ್ತಾಯ್ತದೆ, ಇಲ್ಲೇನೋ ಅದೆ ಅಂತ." ಕಡ್ಡಿಯನ್ನು ಬದುವಿನಾಚೆ ಎಸೆದು, "ಓಗ್ಲಿ ಬುಡಿ, ಬೇಕೂ ಅಂತ ಮಾಡಿದ್ದಲ್ವಲ್ಲ," ಎಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ನಾಲ್ಕು ಮೊಟ್ಟೆಗಳ ಚಿತ್ರ ಮಾತ್ರ ಅದ್ಭುತವಾಗಿ ಬಂದಿದೆ. ನನ್ನ ಜನ್ಮದಲ್ಲಿ ಏನೂ ಅಡ್ಡ ಬಾರದೆ ಸಿಕ್ಕ ಮೊದಲ ಚಿತ್ರ ಅದು. ಯಾರಿಗೂ ತೋರಿಸುವಂತಿಲ್ಲ.

ಮೊನ್ನೆ ಸಂಜೆ ಸಿಂಚನ ಶಾಲೆಗೆಂದು 'ಹಕ್ಕಿಗಳ ಶತ್ರುಗಳು' ಎಂಬ ಚಿತ್ರ ಬರೆಯುತ್ತಿದ್ದಳು. ನಾಯಿ, ಕಾಗೆ, ಹಾವು. ಮೂಲೆಯಲ್ಲಿ ಮಣ್ಣಿನ ಬಣ್ಣದಲ್ಲಿ ಮಣ್ಣಿನಂತೆಯೇ ಇನ್ನೊಂದು ಆಕಾರ.

"ಇದು ಯಾರು ಮರಿ? ಗೊತ್ತೇ ಆಗಲ್ವಲ್ಲ," ಎಂದೆ.

"ಗೊತ್ತಾಗಬಾರದು ಅಂತಲೇ ಅಲ್ವಾ ಅಪ್ಪ, ಆ ಅಂಗಿ ಹಾಕೋದು," ಎಂದಳು.

ಆಮೇಲೆ ನನ್ನ ಮುಖವನ್ನೊಮ್ಮೆ ನೋಡಿ, ನೀಲಿ ಪೆನ್ಸಿಲ್ ಆರಿಸಿ ತೆಗೆದು, ಆ ಆಕಾರದ ಜೇಬಿಗೊಂದು ಕರವಸ್ತ್ರ ಬರೆದಳು. ಈಗ ಎಷ್ಟು ದೂರದಿಂದ ನೋಡಿದರೂ ಗುರುತು ಸಿಗುತ್ತದೆ.