ಗೋಡೆಗೆ ಅತ್ತೆಯ ಸೀರೆಯ ಬಣ್ಣ

ಹುರಿದ ಶೇಂಗಾ ಮೊರದಲ್ಲಿ ಹಾಕಿಕೊಂಡು ಸಿಪ್ಪೆ ತೂರುತ್ತಿದ್ದಾಗ ಯಜಮಾನರ ಫೋನು ಬಂತು. ಪೇಂಟರ್ ನಾಳೆಯೇ ಬರುತ್ತಾನಂತೆ, ಪಡಸಾಲೆಗೆ ಯಾವ ಬಣ್ಣ ಎಂದು ಇವತ್ತೇ ಹೇಳಬೇಕಂತೆ. ಮೂರು ತಿಂಗಳಿಂದ ಫೋನನ್ನೇ ಎತ್ತದವನು ತಾನಾಗಿ ಬರುತ್ತೇನೆಂದದ್ದು ದೇವರ ದಯೆ. ಆದರೆ ಆರಿಸುವುದೆಂದರೆ ನನಗೆ ತಲೆ ಗಿಮ್ಮೆನ್ನುತ್ತದೆ. ನಾಲ್ಕು ಬದನೆಕಾಯಿ ಆರಿಸಲಿಕ್ಕೂ ಸಂತೆಯಲ್ಲಿ ಅರ್ಧ ತಾಸು ನಿಲ್ಲುವವಳು ನಾನು.

ಹಾಗಾಗಿ ಆ ಭಾರವನ್ನು ಅತ್ತೆಯ ಮೇಲೆ ಹಾಕಿದೆ. ಹೋದ ತಿಂಗಳಷ್ಟೇ ಅವರ ಕಣ್ಣಿನ ಪೊರೆ ತೆಗೆಸಿದ್ದೇವೆ. ದಿನವಿಡೀ ಪಡಸಾಲೆಯಲ್ಲಿ ಕೂರುವವರು ಅವರೇ; ಹೊಸ ಕಣ್ಣಿಗೆ ಹಳೆ ಗೋಡೆಯ ಕಲೆಗಳೆಲ್ಲ ಎದ್ದು ಕಂಡು ಬೇಸರವಾಗಿತ್ತು. ಟ್ರಂಕಿನಿಂದ ಒಂದು ಸೀರೆ ತೆಗೆದರು. ತೀರಿಹೋದ ಮಾವನವರು ಬನಹಟ್ಟಿಯಲ್ಲಿದ್ದಾಗ ಹೆಂಡತಿಗೆಂದೇ ಮನೆಯ ಮಗ್ಗದಲ್ಲಿ ನೇಯ್ದದ್ದು. "ಇದರ ಬಣ್ಣಾನ ಬರಬೇಕ್ ನೋಡವಾ, ಬ್ಯಾರೇದ್ ಬ್ಯಾಡ," ಎಂದರು.

ಸೀರೆ ಹಿಡಿದು ಜಮಖಂಡಿಯ ಪೇಂಟ್ ಅಂಗಡಿಗೆ ಹೋದೆ; ಅಲ್ಲಿ ಬಣ್ಣ ಗುರುತಿಸುವ ಯಂತ್ರವಿದೆ. ಸೀರೆಯ ಮೇಲೆ ಇಟ್ಟರೆ ಹಸಿರು ಎಂದಿತು. ಮಡಿಕೆ ಹೊರಳಿಸಿದರೆ ಕೆಂಪು ಎಂದಿತು. ಅಂಗಡಿಯವರು ಯಂತ್ರ ಒರೆಸಿ ಮತ್ತೆ ಇಟ್ಟರು; ಈ ಸಲ ಹುಣಸೆಹಣ್ಣಿನ ಬಣ್ಣ. ಉದ್ದಕ್ಕೆ ಹಸಿರು ನೂಲು, ಅಡ್ಡಕ್ಕೆ ಕೆಂಪು ನೂಲು. ಆಡಿಸಿದಂತೆ ಬಣ್ಣ ಬದಲಾಗುವ ಸೀರೆ ಅದು. ನೇಕಾರರ ಮನೆಯ ಸೊಸೆಗೆ ಇದು ಹೊಳೆದದ್ದು ಪೇಂಟ್ ಅಂಗಡಿಗೆ ಬಂದ ಮೇಲೆ. ಯಜಮಾನರಿಗೆ ಫೋನು ಮಾಡಿದರೆ ಎರಡೂ ಛಲೋ ಇವೆ ಎಂದು ಕೈತೊಳೆದುಕೊಂಡರು. ಅತ್ತೆಗೆ ಮಾಡಿದರೆ, ಯಾವುದು ಬಿಟ್ಟರೂ ಅದು ಆ ಸೀರೆಯೇ ಅಲ್ಲ ಎಂದರು. ಏನೂ ತೋಚದೆ ಹಸಿರು, ಕೆಂಪು ಎರಡೂ ಡಬ್ಬಿ ಹೊತ್ತು ತಂದೆ.

ಮರುದಿನ ಪೇಂಟರ್, ಎರಡನ್ನೂ ಕಲಸಿಬಿಡಲೇ ಎಂದ. ಅತ್ತೆ ತಡೆದು, ತಮ್ಮ ಕುರ್ಚಿಯ ಎಡಗೋಡೆಗೆ ಹಸಿರು, ಬಲಗೋಡೆಗೆ ಕೆಂಪು ಹಚ್ಚಿಸಿದರು. ಒಣಗಿದ ಮೇಲೆ ನಡುವೆ ಕೂತು ಕತ್ತನ್ನು ನಿಧಾನ ಅತ್ತ ಒಮ್ಮೆ, ಇತ್ತ ಒಮ್ಮೆ ಹೊರಳಿಸಿದರು. "ಈಗ ಬರೋಬ್ಬರಿ ಆತು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಕಣ್ಣು ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರು.

ಆಮೇಲೆ ಎದುರಿನ ಗೋಡೆ ತೋರಿಸಿ, "ಆ ಗ್ವಾಡಿ ನಿಂದು. ನಿನಗ ಯಾವ ಬಣ್ಣ ಸೇರ್ತೈತಿ ಹೇಳು," ಎಂದರು. ಪೇಂಟರ್ ಬ್ರಷ್ ಹಿಡಿದು ನನ್ನ ಮುಖ ನೋಡುತ್ತ ನಿಂತ. ಈ ಮನೆಗೆ ಬಂದು ಇಪ್ಪತ್ತಾರು ವರ್ಷ. ದಿನಾ ದೀಪ ಹಚ್ಚಿ ಒಬ್ಬೊಬ್ಬರಿಗೂ ಏನೇನು ಬೇಕೋ ಅದನ್ನೆಲ್ಲ ದೇವರ ಹತ್ತಿರ ಹೆಸರು ಹಿಡಿದು ಬೇಡಿದ್ದೇನೆ. ನನಗೆ ಏನು ಸೇರುತ್ತದೆ ಎಂದು ದೇವರು ಕೇಳಿದ್ದರೂ ಹೀಗೇ ನಿಲ್ಲುತ್ತಿದ್ದೆನೇನೋ. ಮೊದಲು ಊಟ ಮಾಡು, ಆಮೇಲೆ ಹೇಳುತ್ತೇನೆ ಎಂದು ಪೇಂಟರಿಗೆ ಹೇಳಿ, ರೊಟ್ಟಿ ಹಿಟ್ಟು ನಾದಲು ಒಳಗೆ ಹೋದೆ.