ಊ ಅಂದರೆ ಯಾರು?

ಪಾರಸಿ ಮೇಷ್ಟ್ರ ಹೊಟ್ಟೆಗೆ ಅಂದು ಬೆಂಕಿ ಬಿದ್ದದ್ದು ಹದಿನಾಲ್ಕು ಪುಟದ ಒಂದು ಲೇಖನದಿಂದ.

ಲೇಖನದ ಮೇಲೆ ಬರೆದವರ ಹೆಸರಿರಲಿಲ್ಲ. ಪಾರಸಿ ಸಾಹಿತ್ಯದ ಆ ಪತ್ರಿಕೆಯ ಪದ್ಧತಿಯೇ ಹಾಗೆ. ಬಂದ ಲೇಖನದ ಹೆಸರು ಅಳಿಸಿ ತಿಳಿದವರೊಬ್ಬರಿಗೆ ಕಳಿಸುತ್ತಾರೆ. ಅವರು ಓದಿ, ಅಚ್ಚಿಗೆ ಯೋಗ್ಯವೋ ಅಲ್ಲವೋ ಎಂದು ವರದಿ ಬರೆಯುತ್ತಾರೆ. ಬರೆದವರು ಯಾರೆಂದು ಇವರಿಗೆ ತಿಳಿಯಬಾರದು, ಇವರು ಯಾರೆಂದು ಅವರಿಗೆ ತಿಳಿಯಬಾರದು. ಮೇಷ್ಟ್ರು ಆ ಕಾಗದಗಳನ್ನು ಮೂರು ವಾರ ಚೀಲದಲ್ಲೇ ಓಡಾಡಿಸಿದ್ದರು. ಅಂದು ವರದಿಗೆ ಕೊನೆಯ ದಿನ.

"ಏನ್ರೀ ಅದು, ಚೀಲ ಬಿಟ್ಟು ಆಚೆಗೇ ಬರ್ತಿಲ್ಲ?" ಎಂದು ಹೆಂಡತಿ ಬೆಳಗಿನ ಕಾಫಿ ಕುಡಿಯುತ್ತ ಕೇಳಿದರು.

"ಗುಟ್ಟಿನ ಕೆಲಸ. ನಿನಗೆ ಅರ್ಥ ಆಗಲ್ಲ."

ಎಂ.ಎ.ಯಲ್ಲಿ ಇದೇ ಪಾರಸಿಯಲ್ಲಿ ಮೇಷ್ಟ್ರಿಗಿಂತ ಆರು ಅಂಕ ಹೆಚ್ಚು ತೆಗೆದಿದ್ದ ಆಕೆ ಲೋಟ ಎತ್ತಿಕೊಂಡು ಒಳಗೆ ಹೋದರು. ಆ ಆರು ಅಂಕದ ವಿಷಯವನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ವಿಭಾಗದ ಕೋಣೆಯಲ್ಲಿ ಕೂತು ಮೇಷ್ಟ್ರು ಮೊದಲ ಪುಟ ಓದಿದರು. ಮೈ ಉರಿಯಿತು. ಪಾರಸಿಯಲ್ಲಿ ಅವನು, ಅವಳು ಎರಡಕ್ಕೂ ಒಂದೇ ಪದ, 'ಊ'. ಒಂದು ಹಳೆಯ ಗಜಲ್‌ನಲ್ಲಿ ಕವಿ 'ಊ'ನನ್ನು ನೆನೆದು ಹಲುಬುತ್ತಾನೆ. ಆ 'ಊ' ಸುಂದರಿಯೆಂದು ಸಾಧಿಸಿ ನಮ್ಮ ಮೇಷ್ಟ್ರು ಮೂರು ಲೇಖನ ಬರೆದಿದ್ದರು: ಅವಳ ಬಾಚಣಿಗೆ, ಅವಳ ಕನ್ನಡಿ, ಅವಳ ಬೆರಳು. ಈ ಹೆಸರಿಲ್ಲದ ಮಹಾಶಯನೋ, 'ಊ' ಸುಂದರಿಯಲ್ಲ, ಕವಿಯ ತಲೆಗೂದಲು ಕತ್ತರಿಸುತ್ತಿದ್ದ ಮುದಿ ಕ್ಷೌರಿಕ ಎನ್ನುತ್ತಿದ್ದ! ಬಾಚಣಿಗೆ ಸರಿ, ಕನ್ನಡಿ ಸರಿ, "'ಊ'ನ ಮುಂದೆ ತಲೆ ತಗ್ಗಿಸಿದೆ, ಕುತ್ತಿಗೆಗೆ ಅಲಗು ಬಂತು" ಎಂಬ ಸಾಲೂ ಸರಿ. ಎಲ್ಲ ಎಷ್ಟು ಸರಿಯಾಗಿತ್ತೆಂದರೆ ಮೇಷ್ಟ್ರಿಗೆ ಅಳು ಬಂತು. ಥೂ, ನನಗೇಕೆ ಇದು ಹೊಳೆಯಲಿಲ್ಲ!

ಇದು ಸೆಂಟು ಮೇಷ್ಟ್ರದೇ ಕೆಲಸ. ಎದುರು ಮೇಜಿನಲ್ಲಿ ಕೂತು, ಕೋಣೆಗೆಲ್ಲ ಘಮ ಹರಡಿ, ವರ್ಷಕ್ಕೆರಡು ಲೇಖನ ಅಚ್ಚು ಹಾಕಿಸುವ ಮನುಷ್ಯ. ಮುಂದಿನ ತಿಂಗಳು ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿ. ಈ ಸಂಚಿಕೆಯಲ್ಲಿ ಸೆಂಟಿನ ಲೇಖನ ಬಂದರೆ ಕುರ್ಚಿ ಸೆಂಟಿಗೆ. ಬಾರದಿದ್ದರೆ ಹಿರಿತನದ ಮೇಲೆ ಪಾರಸಿ ಮೇಷ್ಟ್ರಿಗೆ.

ಸಾಕ್ಷಿ ಬೇಕಲ್ಲ? ಮೇಷ್ಟ್ರು ಹಾಳೆಗೆ ಮೂಗು ಹಚ್ಚಿ ಜೋರಾಗಿ ಮೂಸಿದರು. ಅದೇ ಹೊತ್ತಿಗೆ ಸೆಂಟು ಮೇಷ್ಟ್ರು ಒಳಗೆ ಬಂದರು.

"ಏನ್ ಸಾರ್, ನೆಗಡೀನಾ?"

"ಧೂಳು," ಎಂದು ಮೇಷ್ಟ್ರು ಕಾಗದಗಳನ್ನು ಅಪ್ಪಿಕೊಂಡು ಗ್ರಂಥಾಲಯಕ್ಕೆ ಓಡಿದರು.

ಲೇಖನದ ಅಡಿಟಿಪ್ಪಣಿಯಲ್ಲಿ ಒಂದು ಹಳೆಯ ವ್ಯಾಕರಣದ ಹೆಸರಿತ್ತು. ಅದರ ಪ್ರತಿ ಇದ್ದದ್ದು ಈ ಗ್ರಂಥಾಲಯದಲ್ಲಿ ಒಂದೇ. "ಅದು ಯಾರ ಹತ್ರ ಇದೆ, ಬೇಗ ನೋಡಿ ಹೇಳಮ್ಮ," ಎಂದರು.

ಗ್ರಂಥಪಾಲಕಿ ಕಂಪ್ಯೂಟರ್ ನೋಡಿ ಕನ್ನಡಕ ಸರಿಮಾಡಿಕೊಂಡರು. "ನಿಮ್ಮ ಹತ್ರಾನೇ ಸಾರ್. ಎಂಟು ತಿಂಗಳಾಯ್ತು. ವಾಪಸ್ ಕೊಡೋ ಯೋಚನೆ ಇದೆಯಾ?"

"ನಾನು ಅದರ ಮುಖಾನೇ ನೋಡಿಲ್ಲ!"

ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಅರಬ್ಬಿ ಮೇಷ್ಟ್ರು ಕರೆಯದೆಯೇ ತಲೆಹಾಕಿದರು. "ನೀವು ಕೋಟನ್ನ ಕುರ್ಚಿ ಮೇಲೇ ಬಿಟ್ಟು ತಿರುಗ್ತೀರಿ. ಕಾರ್ಡ್ ಅದರ ಜೇಬಲ್ಲೇ ಇರುತ್ತೆ. ಎದುರಿಗೆ ಕೂರೋದು ಯಾರು? ನಾನೇನೂ ಹೇಳಲ್ಲಪ್ಪ."

ಹೇಳದೆಯೇ ಎಲ್ಲ ಹೇಳಿದಂತಾಯಿತು. ನನ್ನ ಕಾರ್ಡು ಕದ್ದು, ನನ್ನ ಹೆಸರಲ್ಲಿ ಪುಸ್ತಕ ತಂದು, ನನ್ನ ಸುಂದರಿಗೇ ಕತ್ತರಿ ಹಿಡಿಸಿದನಲ್ಲ ಎಂದು ಮೇಷ್ಟ್ರು ಹಲ್ಲು ಕಡಿದರು. ಪೂರ್ತಿ ಖಾತ್ರಿಗೆಂದು ಪತ್ರಿಕೆಯ ಸಂಪಾದಕರಿಗೆ ಫೋನು ಹಚ್ಚಿದರು. ಅವರಿಬ್ಬರೂ ತಮ್ಮ ತಮ್ಮಲ್ಲಿ ಪಾರಸಿಯಲ್ಲೇ ಮಾತಾಡುವುದು, ಅದೊಂದು ಜಂಬ.

"ಹೆಸರು ಹೇಳೋ ಹಾಗಿಲ್ಲ," ಎಂದರು ಸಂಪಾದಕರು. ಮುಂದಿನದನ್ನು ಮೇಷ್ಟ್ರು ಮನಸ್ಸಿನಲ್ಲೇ ಹೀಗೆ ಅನುವಾದಿಸಿಕೊಂಡರು: "ಅವನು ನಿಮಗೆ ತೀರ ಹತ್ತಿರದವನು. ದಿನಾ ನಿಮ್ಮ ಜೊತೆ ಕಾಫಿ ಕುಡಿಯೋನು. ನಿಮ್ಮ ಸಿಡುಕನ್ನೆಲ್ಲ ಸಹಿಸಿಕೊಂಡು ಬಂದೋನು. ಪ್ರೀತಿಗೆ ಬಿದ್ದು ಸುಮ್ಮನೆ ಹೊಗಳಿಬಿಡಬೇಡಿ, ಅಷ್ಟೇ."

"ಆ ಭಯ ನಿಮಗೆ ಬೇಡ," ಎಂದು ಮೇಷ್ಟ್ರು ಫೋನಿಟ್ಟರು.

ಮಧ್ಯಾಹ್ನದ ಊಟ ಬಿಟ್ಟು ವರದಿ ಬರೆದರು. "ಸಂದರ್ಭ ನೋಡಿದರೆ ಊ ಅಂದರೆ ಯಾರೆಂದು ಎಳೆಮಗುವಿಗೂ ತಿಳಿಯುತ್ತದೆ, ಈ ಲೇಖಕನಿಗೆ ತಿಳಿದಿಲ್ಲ. ಲೇಖಕನು ಮೊದಲು ಕೆಳಗಿನ ಮೂರು ಅಮೂಲ್ಯ ಲೇಖನಗಳನ್ನು ಓದಿಕೊಳ್ಳಲಿ," ಎಂದು ಬರೆದು ತಮ್ಮ ಬಾಚಣಿಗೆ, ಕನ್ನಡಿ, ಬೆರಳುಗಳ ಪಟ್ಟಿ ಕೊಟ್ಟರು. ಕೊನೆಗೆ "ತಿರಸ್ಕರಿಸಿ" ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದು ಈಮೇಲಿನಲ್ಲಿ ಕಳಿಸಿಬಿಟ್ಟರು. ಸಂಜೆ ಸೆಂಟು ಮೇಷ್ಟ್ರಿಗೆ ತಾವಾಗಿಯೇ "ಬರ್ತೀನಿ" ಅಂದು ಬಂದರು.

ಮನೆಯ ಮೆಟ್ಟಿಲು ಹತ್ತುವಾಗ ಸಂಪಾದಕರ ಫೋನು ಬಂತು.

"ಒಳ್ಳೇದಾಯ್ತು ಸ್ವಾಮಿ. ಈ ಸಂಚಿಕೇಲಿ ಒಂದೇ ಜಾಗ ಉಳಿದಿತ್ತು, ಎರಡು ಲೇಖನ ಕಾಯ್ತಿದ್ವು. ನೀವು ಒಂದನ್ನ ಹೊಡೆದುಹಾಕಿದ್ರಿ. ಇನ್ನೊಂದು ಅಚ್ಚಿಗೆ ಹೋಯ್ತು, ಕಾವ್ಯದಲ್ಲಿ ಸುಗಂಧದ ಬಗ್ಗೆ. ನಿಮ್ಮ ಎದುರು ಮೇಜಿನವರದ್ದೇ! ಅವರೇ ಇನ್ನು ಮುಖ್ಯಸ್ಥರಂತೆ?"

ಮೇಷ್ಟ್ರ ಕಾಲು ಮೆಟ್ಟಿಲಿಗೆ ಅಂಟಿಕೊಂಡಿತು. "ಹಾಗಾದ್ರೆ... ನಾನು ಹೊಡೆದಿದ್ದು ಯಾರದ್ದು?"

"ಬೆಳಿಗ್ಗೆನೇ ಹೇಳಿದೆನಲ್ಲ, ದಿನಾ ನಿಮ್ಮ ಜೊತೆ ಕಾಫಿ ಕುಡಿಯೋ 'ಊ' ಅಂತ. ಇದಕ್ಕಿಂತ ಹೆಚ್ಚು ಹೇಳೋಕೆ ನಿಯಮ ಬಿಡಲ್ಲ."

ಬಾಗಿಲು ತೆರೆದೇ ಇತ್ತು. ಊಟದ ಮೇಜಿನ ಮೇಲೆ ಗ್ರಂಥಾಲಯದ ಮುದ್ರೆಯ ಹಳೆಯ ವ್ಯಾಕರಣ. ಅದರ ಮುಂದೆ ಹೆಂಡತಿ, ಕೈಯಲ್ಲಿ ಫೋನು. ಕಣ್ಣು ಕೆಂಪಗಿದ್ದವು. ಕಾಫಿ ಲೋಟ ಒಂದೇ ಇತ್ತು.

"ನಿಮ್ಮ ಕಾರ್ಡಲ್ಲಿ ಪುಸ್ತಕ ತಂದಿದ್ದೆ, ಕ್ಷಮಿಸಿ," ಎಂದರು ಆಕೆ. "ಅಚ್ಚಾದ ಮೇಲೆ ತೋರಿಸಿ ಖುಷಿಪಡಿಸೋಣ ಅಂತಿದ್ದೆ. ಯಾರೋ ಹೊಟ್ಟೆಕಿಚ್ಚಿನವರು ಹೊಡೆದುಹಾಕಿದಾರೆ. ಯಾರಿರಬಹುದು ರೀ?"

"ಅದು... ಹೇಗೆ ಹೇಳೋದು... ಹೆಸರು ಇರಲ್ಲ ನೋಡು," ಎಂದರು ಮೇಷ್ಟ್ರು.

"ಓದ್ಕೋ ಅಂತ ಮೂರು ಲೇಖನ ಹೇಳಿದಾರೆ. ಮೂರೂ ನಿಮ್ಮವು. ಅವನ್ನ ಓದಿರೋರು ಪ್ರಪಂಚದಲ್ಲಿ ಇಬ್ಬರೇ. ಒಬ್ಬಳು ನಾನು, ಟೈಪ್ ಮಾಡಿಕೊಟ್ಟೋಳು."

ಆಕೆ ಫೋನಿಗೆ ಬಂದಿದ್ದ ವರದಿಯನ್ನು ಕಣ್ಣಿನ ಹತ್ತಿರ ಹಿಡಿದು, ಎಂ.ಎ.ಯಲ್ಲಿ ಹೆಚ್ಚು ಅಂಕ ತಂದುಕೊಟ್ಟ ಅದೇ ಸ್ಪಷ್ಟ ದನಿಯಲ್ಲಿ ಓದಿದರು:

"ಸಂದರ್ಭ ನೋಡಿದರೆ ಊ ಅಂದರೆ ಯಾರೆಂದು ಎಳೆಮಗುವಿಗೂ ತಿಳಿಯುತ್ತದೆ."