ಅಳಿಯನ ಮುನಿಸಿಗೆ ಐದು ಸ್ಪೀಕರು

ಪುಷ್ಯಮಾಸದ ಮಂಜು ಕಾಲುವೆಯ ಮೇಲಿನಿಂದ ಇನ್ನೂ ಎದ್ದಿರಲಿಲ್ಲ. ಮೊದಲ ಬೆಳೆಯ ಭತ್ತ ಮನೆ ಸೇರಿತ್ತು. ಎರಡನೆಯ ನಾಟಿಗೆ ಗದ್ದೆಗಳಲ್ಲಿ ನೀರು ಕಟ್ಟಿ ನಿಂತಿತ್ತು. ಸಂಕ್ರಾಂತಿಯ ಮರುದಿನ, ಕನುಮ. ಅಂದು ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ, ಮನುಷ್ಯರು ಊರಗಡಿ ದಾಟುವಂತಿಲ್ಲ. ತಾತಬ್ಬಾಯಿ ತನ್ನ ಜೋಡಿ ಎತ್ತುಗಳನ್ನು ಕಾಲುವೆಯ ಮೆಟ್ಟಿಲಲ್ಲಿ ನಿಲ್ಲಿಸಿ, ಹುಲ್ಲಿನ ಹಿಡಿಯಿಂದ ತಿಕ್ಕಿ ತೊಳೆದು, ಅಂಗಳಕ್ಕೆ ಹೊಡೆದುಕೊಂಡು ಬಂದು ಕೊಂಬಿಗೆ ಬಣ್ಣ ಬಳಿಯುತ್ತಿದ್ದ. ಒಂದು ಕೊಂಬು ಮುಗಿಯುವಷ್ಟರಲ್ಲಿ ಪಕ್ಕದ ಮನೆಯ ಚಿಟ್ಟೆಮ್ಮ ಅವನ ಮನೆಯೊಳಗಿನಿಂದಲೇ ಹೊರಗೆ ಬಂದಳು.

"ಅರಿಶಿನ ಕೇಳೋಕೆ ಹೋಗಿದ್ದೆ ತಾತಬ್ಬಾಯಿ. ನಿನ್ನ ಹೊಸ ಅಳಿಯ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾನಲ್ಲ, ನೋಡಿದೆಯಾ?"

"ನಿದ್ದೆ ಮಾಡ್ತಿರಬೇಕು ಅತ್ತೆ."

"ಕಣ್ಣು ಬಿಟ್ಕೊಂಡು ಯಾರು ನಿದ್ದೆ ಮಾಡ್ತಾರೆ? ರಾತ್ರಿ ಊಟ ಬೇಡ ಅಂದನಂತೆ. ಬೆಳಿಗ್ಗೆ ಕಾಫಿ ಬೇಡ ಅಂದ. ಅದೂ ಬಾಯಿ ಬಿಟ್ಟು ಅಲ್ಲ, ತಲೆ ಆಡಿಸಿ. ಇದು ಮುನಿಸು ಕಣಯ್ಯಾ."

ಕುಂಚದಿಂದ ಕೆಂಪು ಬಣ್ಣ ತಾತಬ್ಬಾಯಿಯ ಪಾದದ ಮೇಲೆ ತೊಟ್ಟಿಕ್ಕಿತು.

ತೆಲುಗು ನಾಡಿನ ಕೋನಸೀಮೆಯಲ್ಲಿ ಹೊಸ ಅಳಿಯ ಮೊದಲ ಸಂಕ್ರಾಂತಿಗೆ ಬಂದು ಮಾವನ ಮನೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದನೆಂದರೆ ಅದು ಅವನ ಹಕ್ಕು. ಏನು ಬೇಕೆಂದು ಅವನು ಹೇಳುವುದಿಲ್ಲ. ಕೇಳಿದರೆ ಮಾವನಿಗೆ ಮರ್ಯಾದೆಯಿಲ್ಲ. ಊಹಿಸಿ ತಂದು ಮುಂದಿಡಬೇಕು, ಆಗ ಅಳಿಯ ನಕ್ಕು ಏಳಬೇಕು. ಮಾರನೆಯ ಬೆಳಿಗ್ಗೆ ಮಗಳು ಭವಾನಿ ಗಂಡನ ಜೊತೆ ಮಂಡಪೇಟೆಗೆ ಹೊರಡುವವಳು. ಮುನಿಸು ಮುರಿಯದೆ ಅಳಿಯ ಹೊಸಿಲು ದಾಟಿದರೆ ಅಲ್ಲಿ ಅವಳ ಅತ್ತೆ ಇಡೀ ವರ್ಷ ಪ್ರತಿ ತುತ್ತಿಗೂ ಅದನ್ನೇ ನಂಚಿಕೊಳ್ಳಲು ಕೊಡುತ್ತಾಳೆ ಎಂಬುದು ತಾತಬ್ಬಾಯಿಗೆ ಗೊತ್ತಿತ್ತು. ಮದುವೆಯ ಮಂಟಪದಲ್ಲೇ ಆಕೆಯ ನಾಲಿಗೆಯ ಉದ್ದ ಅವನಿಗೆ ಕಂಡಿತ್ತು.

ಒಳಗೆ ನಡುಮನೆಯ ಮಂಚದಲ್ಲಿ ಸತ್ತಿಬಾಬು ಕತ್ತಿನವರೆಗೆ ಹೊದ್ದು ಗೋಡೆಯನ್ನೇ ನೋಡುತ್ತಿದ್ದ. ಅಕ್ಕಿ ಗಿರಣಿಯಲ್ಲಿ ತೂಕ ಬರೆಯುವ ಹುಡುಗ, ಮಾತು ಮೊದಲೇ ಕಡಿಮೆ. ತಾತಬ್ಬಾಯಿಯ ಹೆಂಡತಿ ನೂಕರತ್ನಂ ಅರಿಸೆ, ಉದ್ದಿನುಂಡೆ, ಪಾಕದುಂಡೆ ಜೋಡಿಸಿದ ತಟ್ಟೆಯನ್ನು ಅವನ ಮುಖದ ಮುಂದೆ ಹಿಡಿದಳು. ಅವನು ತಟ್ಟೆಯನ್ನು ನೋಡಿದ. ಅವನ ಕಣ್ಣಲ್ಲಿ ನೀರು ತುಂಬಿತು. ನಿಧಾನಕ್ಕೆ ತಲೆ ಆಡಿಸಿ ಮತ್ತೆ ಗೋಡೆಗೆ ತಿರುಗಿದ.

"ಕಣ್ಣಲ್ಲಿ ನೀರು ಬಂತು ಅಂದ್ರೆ ಇದು ಉಂಗುರ ಗಡಿಯಾರದ ಮುನಿಸಲ್ಲ," ಎಂದಳು ಚಿಟ್ಟೆಮ್ಮ. "ದೊಡ್ಡದು ಏನೋ ಇದೆ."

"ಅಪ್ಪಾ, ನಾನೇ ಒಂದು ಮಾತು ಕೇಳಿಬಿಡ್ತೀನಿ," ಎಂದಳು ಭವಾನಿ.

"ನೀನು ಕೇಳು, ನಾಳೆ ನಿಮ್ಮತ್ತೆ ಬೀದಿಗೆಲ್ಲ ಹೇಳಲಿ, ಸೊಸೆ ಅಪ್ಪನ ಮನೆ ಉಳಿಸೋಕೆ ಗಂಡನ ಬಾಯಿ ಮುಚ್ಚಿಸಿದಳು ಅಂತ. ಸುಮ್ಮನೆ ಹೋಗಿ ಹೂ ಕಟ್ಟು," ಎಂದು ಚಿಟ್ಟೆಮ್ಮ ಅವಳನ್ನು ಹಿತ್ತಲಿಗೆ ಅಟ್ಟಿದಳು.

ಅಷ್ಟರಲ್ಲಿ ಎದುರು ಮನೆಯ ಭದ್ರಂ ಬಂದ. ಊರಿನ ಹಳೆಯ ಸಿನಿಮಾ ಟೆಂಟಿನಲ್ಲಿ ಇಪ್ಪತ್ತೆಂಟು ವರ್ಷ ರೀಲು ತಿರುಗಿಸಿದವನು. ಟೆಂಟು ಮುಚ್ಚಿ, ಆ ಜಾಗದಲ್ಲಿ ಸೀಗಡಿ ಕೊಳ ಬಂದಿದ್ದರೂ ಆಪರೇಟರ್ ಎಂಬ ಪದವಿ ಅವನನ್ನು ಬಿಟ್ಟಿರಲಿಲ್ಲ.

"ನಿನ್ನೆ ಸಂಜೆ ಟಿವಿ ನೋಡ್ತಾ ನಾವೆಲ್ಲ ಇಲ್ಲೇ ಕೂತಿದ್ದೆವಲ್ಲ," ಎಂದ ಭದ್ರಂ. "ನಿನ್ನ ಡಬ್ಬಿಯಲ್ಲಿ ಚಿತ್ರ ಮೇಲಿಂದ ಕೆಳಗೆ ಓಡೋಕೆ ಶುರುವಾಯ್ತು. ಆಗಲೇ ಅಳಿಯ ಎದ್ದು ಬಂದು ಇಲ್ಲಿ ಮಲಗಿದ್ದು. ನಾನು ಕಣ್ಣಾರೆ ನೋಡಿದೆ."

"ಅಂದ್ರೆ?"

"ಅಂದ್ರೆ ಏನು ಅಂತ ನನ್ನ ಬಾಯಲ್ಲೇ ಹೇಳಿಸ್ತೀಯಲ್ಲ. ಗೋಡೆಯಗಲದ ಟಿವಿ. ಸುತ್ತ ಐದು ಸ್ಪೀಕರು. ಹೋಮ್ ಥಿಯೇಟರ್. ಬೇರೆ ಯಾವುದಕ್ಕೂ ಈಗಿನ ಅಳಿಯಂದಿರು ಏಳೋದಿಲ್ಲ."

ತಾತಬ್ಬಾಯಿ ಮಂಚದ ಕಡೆ ನೋಡಿದ. ಅಳಿಯ ಆ ಮಾತು ಕೇಳಿ ಸಣ್ಣಗೆ ನರಳಿದ.

"ನೋಡಿದೆಯಾ, ಒಪ್ಪಿಕೊಂಡ," ಎಂದಳು ಚಿಟ್ಟೆಮ್ಮ.

ಟಿವಿ ಅಂಗಡಿ ಕಾಲುವೆಯ ಆಚೆ ದಡದಲ್ಲಿತ್ತು. ಸೇತುವೆ ದಾಟಿದರೆ ಊರು ದಾಟಿದಂತಾಗುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ಎರಡು ದಡಕ್ಕೂ ಒಂದೇ ಪಂಚಾಯಿತಿ, ಆದ್ದರಿಂದ ದೋಷವಿಲ್ಲ ಎಂದು ಚಿಟ್ಟೆಮ್ಮ ತೀರ್ಪು ಕೊಟ್ಟಳು. ಅಂಗಡಿಯವನು ಅರ್ಧ ಬಾಗಿಲು ತೆರೆದು, ಬಾಯಲ್ಲಿ ವಡೆ ಇಟ್ಟುಕೊಂಡೇ ವ್ಯಾಪಾರ ಮುಗಿಸಿದ. ತಾತಬ್ಬಾಯಿಯ ಎಂಬತ್ತು ತೆಂಗಿನಮರಗಳ ಮುಂದಿನ ನಾಲ್ಕು ಕೊಯ್ಲು ಅವನಿಗೆ.

"ಕೂಡಿಸಿಕೊಡೋ ಹುಡುಗ ಅಮಲಾಪುರದವನು," ಎಂದ ಅಂಗಡಿಯವನು. "ಕನುಮ ದಿನ ಅವನು ಊರು ಬಿಡೋದಿಲ್ಲ. ನಾಡಿದ್ದು ಬರ್ತಾನೆ."

"ನಾಡಿದ್ದಿಗೆ ಅಳಿಯ ಇರೋದಿಲ್ಲಪ್ಪ."

"ಹಂಗಾದ್ರೆ ನೀವೇ ಕೂಡಿಸ್ಕೊಳ್ಳಿ ಚಿಕ್ಕಪ್ಪ. ಪುಸ್ತಕ ಒಳಗಿದೆ."

ಪೆಟ್ಟಿಗೆ ಒಂದು ಆಳಿನಷ್ಟು ಅಗಲವಿತ್ತು. ತರಲು ಬಂಡಿ ಬೇಕು, ಬಂಡಿಗೆ ಎತ್ತು ಕಟ್ಟುವಂತಿಲ್ಲ. ತಾತಬ್ಬಾಯಿ ಹಿರಿಯ ಅಳಿಯ ಏಡುಕೊಂಡಲುವನ್ನು ಕರೆಸಿದ. ಪಕ್ಕದ ಬೀದಿಯವನು, ಒಂಬತ್ತು ವರ್ಷದಿಂದ ಈ ಮನೆಯ ಪಂಪು, ಪೈಪು, ಹೆಂಚು ಎಲ್ಲ ರಿಪೇರಿಯೂ ಅವನದೇ. ಮಾವ ಅಳಿಯ ಇಬ್ಬರೂ ನೊಗಕ್ಕೆ ಹೆಗಲು ಕೊಟ್ಟರು. ಪೆಟ್ಟಿಗೆ ಅಲುಗದಂತೆ ಹಿಡಿಯಲು ಭದ್ರಂ ಬಂಡಿಯ ಮೇಲೆ ಹತ್ತಿ ಕೂತ. ಅವನೂ ಹಗುರದವನಲ್ಲ.

ಸೇತುವೆಯ ಮೇಲೆ ಎಳೆಯುವಾಗ ಕಟ್ಟೆಯಲ್ಲಿ ಕೂತವರು ಎದ್ದು ನಿಂತರು.

"ಏನ್ ತಾತಬ್ಬಾಯಿ, ಕೊಂಬಿಗೆ ಬಣ್ಣ ಹಚ್ಚಲಿಲ್ಲವಾ?"

"ಬಲಗಡೆದು ಸ್ವಲ್ಪ ಕುಂಟ್ತಾ ಇದೆ ಭದ್ರಂ, ಹಲ್ಲು ನೋಡಿ ಕೊಂಡೆಯೋ ಇಲ್ಲವೋ?"

ತಾತಬ್ಬಾಯಿ ನೆಲ ನೋಡುತ್ತ ಎಳೆದ. ಏಡುಕೊಂಡಲು ಹಿಂದಿನ ಪೆಟ್ಟಿಗೆಯನ್ನು ತಿರುತಿರುಗಿ ನೋಡುತ್ತ ಎಳೆದ. ಅಂಗಳಕ್ಕೆ ಬಂದಾಗ ಒಂದು ಕೊಂಬಿಗೆ ಮಾತ್ರ ಬಣ್ಣವಿದ್ದ ಎತ್ತು ಮೆಲುಕು ಹಾಕುವುದನ್ನು ನಿಲ್ಲಿಸಿ, ಯಜಮಾನನನ್ನು ಬಹಳ ಹೊತ್ತು ನೋಡಿತು.

ಅಷ್ಟು ಅಗಲದ ಟಿವಿ ಹಿಡಿಸುವ ಗೋಡೆ ಮನೆಯಲ್ಲಿ ಒಂದೇ ಇತ್ತು. ಅದು ಸತ್ತಿಬಾಬು ನೋಡುತ್ತ ಮಲಗಿದ್ದ ಗೋಡೆ.

"ಮಂಚ ಸ್ವಲ್ಪ ಆಚೆ ಸರಿಸೋಣ," ಎಂದ ಏಡುಕೊಂಡಲು.

"ಮುನಿದವನ ಮಂಚ ಸರಿಸಿದರೆ ಮನೆಯಿಂದ ಹೊರಗೆ ಹಾಕಿದ ಹಾಗೆ," ಎಂದಳು ಚಿಟ್ಟೆಮ್ಮ. "ಅವನು ಮಗ್ಗುಲು ತಿರುಗಬಾರದು, ವಸ್ತು ತಾನಾಗಿ ಕಣ್ಣೆದುರು ಬರಬೇಕು."

ಅಜ್ಜನ ಪಟ, ದೇವರ ಪಟ, ಗೊಬ್ಬರದ ಅಂಗಡಿಯ ಕ್ಯಾಲೆಂಡರು ಕೆಳಗಿಳಿದವು. ಏಡುಕೊಂಡಲು ಮಂಚದ ಅಂಚಿನ ಮೇಲೆ ಒಂದು ಕಾಲು, ಭತ್ತದ ಮೂಟೆಯ ಮೇಲೆ ಒಂದು ಕಾಲು ಇಟ್ಟು ಮೊಳೆ ಹೊಡೆಯತೊಡಗಿದ. ಪ್ರತಿ ಏಟಿಗೂ ಗೋಡೆಯ ಗಾರೆ ಸತ್ತಿಬಾಬುವಿನ ದಿಂಬಿನ ಮೇಲೆ ಉದುರಿತು. ಪ್ರತಿ ಏಟಿಗೂ ಅವನು ಹೊದಿಕೆಯೊಳಗೆ ಗೇಣು ಗೇಣಾಗಿ ಕುಗ್ಗಿದ. ಏಳನೆಯ ಏಟಿಗೆ ಹೊದಿಕೆಯೊಳಗಿಂದ ಕರು ಕೂಗಿದಂಥ ಸದ್ದು ಬಂತು.

"ಸಂತೋಷ ತಡೆಯೋಕೆ ಆಗ್ತಿಲ್ಲ ಹುಡುಗನಿಗೆ," ಎಂದ ಭದ್ರಂ.

ಪುಸ್ತಕದಲ್ಲಿ ಹದಿನಾಲ್ಕು ಭಾಷೆಗಳಿದ್ದವು, ತೆಲುಗು ಇರಲಿಲ್ಲ. ಭದ್ರಂ ಅದನ್ನು ಬೀಸಣಿಗೆ ಮಾಡಿಕೊಂಡು ಕುರ್ಚಿಯಲ್ಲಿ ಕೂತ. ಎರಡು ಸ್ಪೀಕರು ಭತ್ತದ ಮೂಟೆಗಳ ಮೇಲೆ, ಎರಡು ತೊಲೆಗೆ ತೆಂಗಿನ ಹಗ್ಗದಲ್ಲಿ, ಒಂದು ಟಿವಿಯ ಕೆಳಗೆ. ಕೊನೆಗೆ ಹಂಡೆಯಂಥ ಕರಿಯ ಡಬ್ಬಿಯೊಂದು ಉಳಿಯಿತು.

"ಇದು ಗುಡುಗೋ ಡಬ್ಬಿ. ನೆಲದ ಮೇಲೇ ಇರಬೇಕು," ಎಂದ ಭದ್ರಂ.

ವೈರು ಮುಟ್ಟುವ ನೆಲ ಉಳಿದಿದ್ದುದು ಮಂಚದ ಕೆಳಗೆ ಮಾತ್ರ. ಅಲ್ಲಿಗೇ ತಳ್ಳಿದರು.

ಗುಂಡಿ ಒತ್ತಿದರೆ ಮನೆಯ ದೀಪ ಆರಿತು. ಏಡುಕೊಂಡಲು ಕಂಬದ ಹತ್ತಿರ ಹೋಗಿ ಫ್ಯೂಸು ಕಟ್ಟಿ ಬಂದ. ಮತ್ತೆ ಒತ್ತಿದರೆ ಇಡೀ ಬೀದಿಯ ಕರೆಂಟೇ ಹೋಯಿತು. ಬೀದಿಯವರೆಲ್ಲ ಬೈಯಲು ಬಂದವರು ಟಿವಿ ನೋಡಿ ಅಲ್ಲೇ ಕೂತರು. ಭದ್ರಂ ಅವರನ್ನು ಟೆಂಟಿನ ಹಾಗೆ ನೆಲ, ಬೆಂಚು, ಕುರ್ಚಿ ಎಂದು ಕ್ಲಾಸು ವಿಂಗಡಿಸಿ ಕೂರಿಸಿದ. ಏಡುಕೊಂಡಲು ಮತ್ತೆ ಕಂಬಕ್ಕೆ ಹೋಗಿ ಬಂದ ಮೇಲೆ, ಮೂರನೆಯ ಸಲ ಚಿತ್ರ ಬಂತು, ದನಿ ಬರಲಿಲ್ಲ. ನಾಲ್ಕನೆಯ ಸಲ ದನಿ ಬರುವ ಬದಲು ಏಡುಕೊಂಡಲುಗೆ ಶಾಕ್ ಹೊಡೆದು ಅವನು ಉದ್ದಿನ ಹಿಟ್ಟಿನ ಪಾತ್ರೆಯೊಳಗೆ ಕೂತ. ನೂಕರತ್ನಂ ಪಾತ್ರೆ ಎತ್ತಿಕೊಂಡು, "ಕನುಮ ದಿನ ಈ ಮನೇಲಿ ವಡೆಯೂ ಇಲ್ಲ," ಎಂದು ಒಲೆಯ ಮುಂದೆ ಹೋಗಿ ಕಣ್ಣೊರೆಸಿಕೊಂಡಳು.

ಹೊತ್ತು ಇಳಿಯುತ್ತಿತ್ತು. ತಾತಬ್ಬಾಯಿ ಕೊಟ್ಟಿಗೆಗೆ ಹೋಗಿ ಎತ್ತಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ವರ್ಷವಿಡೀ ಈ ಹಬ್ಬಕ್ಕಾಗಿ ಅವನು ಕೂಡಿಟ್ಟದ್ದು ಕಾಯಿ, ಬೆಲ್ಲ, ಅಕ್ಕಿ. ಮಗಳು ಬರುತ್ತಾಳೆ, ಅಳಿಯ ಬರುತ್ತಾನೆ, ಎದುರೆದುರು ಕೂತು ಉಣ್ಣೋಣ ಎಂದುಕೊಂಡಿದ್ದ. ಉಂಡವರು ಒಬ್ಬರೂ ಇಲ್ಲ. ಮುಂದಿನ ಸಂಕ್ರಾಂತಿಯವರೆಗೆ ತನ್ನ ಮರದ ಕಾಯಿ ತನ್ನದಲ್ಲ.

"ನಿನ್ನ ಮೂಗುದಾರ ಕಾಣುತ್ತೆ," ಎಂದ ಅವನು ಎತ್ತಿಗೆ. "ನನ್ನದು ಕಾಣೋದಿಲ್ಲ, ಅಷ್ಟೇ ನೋಡು."

ಒಳಗಿಂದ ಏಡುಕೊಂಡಲು ಕೂಗಿದ: "ಮಾವಯ್ಯ, ಗೊತ್ತಾಯ್ತು ಬನ್ನಿ. ಒಂದು ವೈರು ಪಕ್ಕದ ತೂತಿಗೆ ಹೋಗಿತ್ತು."

ತಾತಬ್ಬಾಯಿ ಒಳಗೆ ಬಂದು ಮಂಚದ ತಲೆದಿಕ್ಕಿನಲ್ಲಿ ಕೈಮುಗಿದು ನಿಂತ. ದನಿ ಬರಲಿಲ್ಲವೆಂದು ಮಧ್ಯಾಹ್ನದಿಂದ ಕೂತವರೆಲ್ಲ ಒಬ್ಬೊಬ್ಬರಾಗಿ ರಿಮೋಟಿನ ದನಿ ಗುಂಡಿಯನ್ನು ಏರಿಸಿದ್ದರು. ಇಳಿಸಿದವರು ಯಾರೂ ಇರಲಿಲ್ಲ. ಏಡುಕೊಂಡಲು ವೈರು ಸಿಕ್ಕಿಸಿದ.

ಪರದೆಯ ಮೇಲೆ ಯಾರೋ ಯಾರಿಗೋ ಗುದ್ದಿದರು. ಗುದ್ದು ಮಂಚದ ಕೆಳಗೆ ಬಿತ್ತು. ಮಂಚ ನಾಲ್ಕು ಕಾಲನ್ನೂ ಎತ್ತಿ ನೆಲಕ್ಕೆ ಕುಕ್ಕಿತು. ತೊಲೆಯ ಮೇಲಿದ್ದ ಪಾರಿವಾಳ, ಒಲೆಯ ಹತ್ತಿರವಿದ್ದ ಬೆಕ್ಕು, ನೆಲದ ಕ್ಲಾಸಿನವರು ಎಲ್ಲ ಒಂದೇ ಬಾಗಿಲಿನಿಂದ ಹೊರಗೆ ಓಡಿದರು. ಸತ್ತಿಬಾಬು ಮಂಚದ ಮೇಲೆ ಎದ್ದು ನಿಂತ. ಎರಡು ಕೈಯಿಂದ ದವಡೆ ಹಿಡಿದುಕೊಂಡಿದ್ದ. ಏಡುಕೊಂಡಲು ವೈರು ಕಿತ್ತ.

ಸದ್ದಡಗಿದ ಮೇಲೆ ಸತ್ತಿಬಾಬು ಅಂಗೈಯೊಳಗೆ ಏನನ್ನೋ ಉಗುಳಿ ನೋಡಿದ. ಅವನ ಮುಖ ನಿಧಾನವಾಗಿ ಅರಳಿತು.

"ಬಿತ್ತು ಮಾವಯ್ಯ," ಎಂದ. ನಿನ್ನೆ ಸಂಜೆಯಿಂದ ಅವನಾಡಿದ ಮೊದಲ ಮಾತು.

"ಏನು ಬಿತ್ತು?"

"ಹಲ್ಲು."

ಎಲ್ಲರೂ ಅಂಗೈಯೊಳಗೆ ಬಗ್ಗಿ ನೋಡಿದರು. ಅರ್ಧ ಮುರಿದ ದವಡೆಹಲ್ಲು.

"ನಿನ್ನೆ ಟಿವಿ ನೋಡ್ತಾ ಪಾಕದುಂಡೆ ಕಚ್ಚಿದೆ," ಎಂದ ಸತ್ತಿಬಾಬು, ಅತ್ತೆಯ ಮುಖ ನೋಡದೆ. "ಪಾಕ ಒಂಚೂರು ಗಟ್ಟಿಯಾಗಿತ್ತು. ಹಲ್ಲು ಮುರಿದು ನೇತಾಡ್ತಾ ಇತ್ತು. ಹೇಳಿದರೆ ಅತ್ತಮ್ಮ ನೊಂದ್ಕೋತಾರೆ. ಕನುಮ ದಿನ ಊರು ದಾಟಿ ಡಾಕ್ಟರ ಹತ್ತಿರ ಹೋಗೋ ಹಾಗಿಲ್ಲ. ಒಂದು ದಿನ ತಾನೇ, ಬಾಯಿ ಮುಚ್ಚಿಕೊಂಡು ಮಲಗಿರೋಣ ಅಂದ್ಕೊಂಡೆ."

"ಹಂಗಾದ್ರೆ ಮುನಿಸು?" ಎಂದ ತಾತಬ್ಬಾಯಿ.

"ಯಾವ ಮುನಿಸು?" ಸತ್ತಿಬಾಬು ಗೋಡೆಯನ್ನು ಮೊದಲ ಸಲ ಸರಿಯಾಗಿ ನೋಡಿದ. "ಇದು ಯಾಕೆ ಮಾವಯ್ಯ? ಇಂಥದ್ದು ನಮ್ಮ ಮನೇಲಿ ಇದೆ. ಅಮ್ಮನಿಗೆ ತಲೆನೋವು ಬರುತ್ತೆ ಅಂತ ಹಾಕೋದೇ ಇಲ್ಲ."

ಅವನು ಮಂಚದಿಂದ ಇಳಿದು ಮೊಸರನ್ನ ಕೇಳಿದ. ಭವಾನಿ ಹೂವಿನ ದಾರವನ್ನು ಅಲ್ಲೇ ಬಿಟ್ಟು ಒಲೆಯ ಕಡೆ ಓಡಿದಳು. ಮಗಳ ವರ್ಷ ಉಳಿಯಿತು ಎಂದುಕೊಂಡ ತಾತಬ್ಬಾಯಿ. ಅವನು ಮೆಲ್ಲಗೆ ಪೆಟ್ಟಿಗೆಯ ರಟ್ಟನ್ನು ಹುಡುಕಿ ತಂದು, ಧೂಳು ಕೊಡವಿ, ಮೂಲೆ ಮೂಲೆ ನೆಟ್ಟಗೆ ಮಾಡತೊಡಗಿದ.

"ಅಂಗಡಿಯವನು ಒಳ್ಳೆಯವನು," ಎಂದ. "ಗೀರು ಬಿದ್ದಿಲ್ಲ. ನಾಳೆ ಬೆಳಿಗ್ಗೆ ಇದನ್ನ ವಾಪಸ್ಸು ಕೊಟ್ಟು ಕಾಯಿ ಬಿಡಿಸಿಕೊಳ್ಳೋಣ. ಏಡುಕೊಂಡಲು, ಆ ಮೊಳೆ ಕೀಳಪ್ಪ. ಹೋಗುವಾಗ ಬಂಡಿಗೂ ನೀನೇ ಒಂದು ಹೆಗಲು ಕೊಡಬೇಕು."



ಏಡುಕೊಂಡಲು ಸುತ್ತಿಗೆಯನ್ನು ಕಿಟಕಿಯಲ್ಲಿಟ್ಟ. ಹಿಟ್ಟು ಮೆತ್ತಿದ ಪಂಚೆಯನ್ನು ಒದರಿದ. ದಿಂಬಿನ ಮೇಲಿನ ಗಾರೆಯನ್ನು ಅಂಗೈಯಿಂದ ಸವರಿ ತೆಗೆದ. ಮಂಚದ ಮೇಲೆ ಮಲಗಿ, ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡು, ಗೋಡೆಯ ಕಡೆ ಮುಖ ತಿರುಗಿಸಿದ.

ಚಿಟ್ಟೆಮ್ಮ ತಗ್ಗಿದ ದನಿಯಲ್ಲಿ ಹೇಳಿದಳು: "ಇವನ ಮೊದಲ ಸಂಕ್ರಾಂತಿಯ ವರ್ಷ ಪ್ರವಾಹ ಬಂದು, ಬೆಳೆ ಹೋಗಿ ಹಬ್ಬವೇ ಆಗಲಿಲ್ಲವಲ್ಲ ತಾತಬ್ಬಾಯಿ. ಆಮೇಲೆ ನೀನೂ ಮರೆತೆ, ನಾನೂ ಮರೆತೆ."

ತಾತಬ್ಬಾಯಿ ರಟ್ಟನ್ನು ಎದೆಗೆ ಅವಚಿಕೊಂಡೇ ಮಂಚದ ಹತ್ತಿರ ಬಗ್ಗಿದ. ಅವನ ದನಿಯಲ್ಲಿ ಸಣ್ಣದೊಂದು ಆಸೆ ಇನ್ನೂ ಉಳಿದಿತ್ತು.

"ಏಡುಕೊಂಡಲು, ನನ್ನಪ್ಪಾ, ನಿನಗೂ ಹಲ್ಲು ನೋವಾ?"

ಏಡುಕೊಂಡಲು ಮಾವನ ಕಡೆ ತಿರುಗಿದ. ಬಾಯನ್ನು ಅಗಲವಾಗಿ ತೆರೆದು, ಮೂವತ್ತೆರಡೂ ಗಟ್ಟಿ ಹಲ್ಲನ್ನು ತೋರಿಸಿದ. ಆಮೇಲೆ ಬಾಯಿ ಮುಚ್ಚಿ ಮತ್ತೆ ಗೋಡೆಗೆ ತಿರುಗಿದ.